ವಿಮಾನದಲ್ಲಿ ಕೋವಿ ಮತ್ತು ತೋಟಾ: ಗಡಿನಾಡಿನ ಕುಟುಂಬಗಳು ತಿಳಿದಿರಬೇಕಾದ ನಿಯಮಗಳು

ಪರವಾನಗಿ ಹೊಂದಿದ ಬಂದೂಕನ್ನು ವಿಮಾನದಲ್ಲಿ ಕೊಂಡೊಯ್ಯುವುದು ಭಾರತದಲ್ಲಿ ನಿಷಿದ್ಧವಲ್ಲ. ಆದರೆ ಅದು ಪ್ರಯಾಣಿಕನ ಮೈಮೇಲಾಗಲಿ ಕೈಚೀಲದಲ್ಲಾಗಲಿ ಇರುವಂತಿಲ್ಲ. ವಿಮಾನ ಸಂಸ್ಥೆಗೆ ಮುಂಚಿತವಾಗಿ ತಿಳಿಸಿ, ಕೌಂಟರಿನಲ್ಲಿ ಲಿಖಿತವಾಗಿ ಘೋಷಿಸಿ, ಗುಂಡು ತೆಗೆದ ಸ್ಥಿತಿಯಲ್ಲಿ, ಬೀಗ ಹಾಕಿದ ಪೆಟ್ಟಿಗೆಯಲ್ಲಿ, ವಿಮಾನದ ಹೊಟ್ಟೆಗೆ ಹೋಗುವ ಚೆಕ್-ಇನ್ ಸಾಮಾನಾಗಿ ಮಾತ್ರ ಅದನ್ನು ಒಪ್ಪಿಸಬೇಕು. ನಿಯಮದ ಸಾರ ಇಷ್ಟೇ. ಗಡಿನಾಡಿನಲ್ಲಿ ವಾಸಿಸುವವರಿಗೆ ತೊಡಕು ಉಂಟಾಗುವುದು ಈ ಸಾರದಿಂದಲ್ಲ, ಅದರ ಹಿಂದು ಮುಂದಿನ ಎರಡು ಸಂಗತಿಗಳಿಂದ. ಒಂದು, ವಿಮಾನ ನಿಲ್ದಾಣವನ್ನು ತಲುಪುವ ಮೊದಲೇ ರಾಜ್ಯದ ಗಡಿ ದಾಟಬೇಕಾಗಿರುವುದು. ಇನ್ನೊಂದು, ಬಂದೂಕನ್ನು ಒಯ್ಯುವ ಉದ್ದೇಶವೇ ಇಲ್ಲದ ಮಕ್ಕಳ ಚೀಲದ ಮೂಲೆಯಲ್ಲಿ ಮರೆತುಹೋದ ಒಂದು ತೋಟಾ ಸಿಕ್ಕಿಬೀಳುವುದು.

ಕಾಸರಗೋಡಿನ ಅಡಿಕೆ ತೋಟಗಳಲ್ಲಿ, ವಯನಾಡು ಮತ್ತು ನೀಲಗಿರಿಯ ಕಾಫಿ, ಚಹಾ ಸೀಮೆಯಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿಗಳು ತಲೆಮಾರುಗಳಿಂದ ಇವೆ. ಕಾಡುಹಂದಿಗಳ ಹಾವಳಿ ತಡೆಯಲು ಕೇರಳ ಸರಕಾರವು 2022ರಲ್ಲಿ ಸ್ಥಳೀಯಾಡಳಿತ ಸಂಸ್ಥೆಗಳ ಮುಖ್ಯಸ್ಥರಿಗೆ ಅಧಿಕಾರ ನೀಡಿದ ಮೇಲೆ ಪರವಾನಗಿದಾರರಿಗೆ ಹೊಸ ಪಾತ್ರವೂ ದೊರೆತಿದೆ. ನಿವೃತ್ತ ಸೈನಿಕರ ಮನೆಗಳಲ್ಲಿ ಬಂದೂಕು ಇರುವುದು ಅಪರೂಪವಲ್ಲ. ಇತ್ತೀಚಿನ ವರ್ಷಗಳಲ್ಲಿ ಶಾಲಾ ಮಕ್ಕಳೂ ಏರ್ ರೈಫಲ್ ಹಿಡಿದು ಸ್ಪರ್ಧೆಗಳಿಗೆ ಹೊರಡುತ್ತಿದ್ದಾರೆ. ಈ ಎಲ್ಲರಿಗೂ ಅನ್ವಯಿಸುವ ಕಾನೂನು ಒಂದೇ ಆದರೂ ಒಬ್ಬೊಬ್ಬರಿಗೆ ಅದರ ಒಂದೊಂದು ತುದಿ ತಾಗುತ್ತದೆ.

ಪರವಾನಗಿಯಲ್ಲಿ ಮೊದಲು ನೋಡಬೇಕಾದ ಸಾಲು

ಬಂದೂಕಿನ ಸ್ವಾಧೀನವನ್ನು ನಿಯಂತ್ರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ಶಸ್ತ್ರಾಸ್ತ್ರ ನಿಯಮಗಳು. 2019ರ ತಿದ್ದುಪಡಿಯ ಪ್ರಕಾರ ಸಾಮಾನ್ಯ ಪರವಾನಗಿದಾರರೊಬ್ಬರು ಗರಿಷ್ಠ 2 ಬಂದೂಕು ಹೊಂದಬಹುದು. ಹಿಂದೆ ಈ ಮಿತಿ 3 ಆಗಿತ್ತು. ಪರವಾನಗಿಯ ಅವಧಿಯನ್ನು 3 ವರ್ಷಗಳಿಂದ 5 ವರ್ಷಗಳಿಗೆ ಏರಿಸಲಾಗಿದೆ. ಪರವಾನಗಿಯ ವಿವರ ರಾಷ್ಟ್ರೀಯ ದತ್ತಸಂಗ್ರಹದಲ್ಲಿ ಸೇರಿ, ಯುಐಎನ್ ಎಂಬ ವಿಶಿಷ್ಟ ಗುರುತಿನ ಸಂಖ್ಯೆ ಅದಕ್ಕೆ ದೊರೆತಿರಬೇಕು. ಹಳೆಯ ಪುಸ್ತಕವನ್ನೇ ಇಟ್ಟುಕೊಂಡು ಈ ಸಂಖ್ಯೆ ಪಡೆಯದವರು ಪ್ರಯಾಣದ ಯೋಚನೆಯನ್ನು ಬದಿಗಿಟ್ಟು ಮೊದಲು ಜಿಲ್ಲಾಧಿಕಾರಿಗಳ ಕಚೇರಿಗೆ ಹೋಗುವುದು ಲೇಸು.

ಅವಧಿಯನ್ನು ಎಲ್ಲರೂ ನೋಡುತ್ತಾರೆ. ವ್ಯಾಪ್ತಿಯನ್ನು ನೋಡುವವರು ಕಡಿಮೆ. ಪರವಾನಗಿಯಲ್ಲಿ ‘ಏರಿಯಾ ವ್ಯಾಲಿಡಿಟಿ’ ಎಂಬ ಸಾಲು ಇರುತ್ತದೆ. ಆ ಬಂದೂಕನ್ನು ಎಲ್ಲಿಯವರೆಗೆ ಒಯ್ಯಬಹುದೆಂಬುದನ್ನು ಆ ಸಾಲು ನಿರ್ಧರಿಸುತ್ತದೆ. ಅದು ಜಿಲ್ಲೆಗೆ ಸೀಮಿತವಾಗಿರಬಹುದು, ರಾಜ್ಯಕ್ಕೆ ಸೀಮಿತವಾಗಿರಬಹುದು, ಅಥವಾ ಅಖಿಲ ಭಾರತ ವ್ಯಾಪ್ತಿಯದಾಗಿರಬಹುದು. ರಾಜ್ಯದ ನಡುವೆ ವಾಸಿಸುವವರಿಗೆ ಈ ಸಾಲು ವಿಮಾನ ಇಳಿಯುವ ಊರಿನ ಪ್ರಶ್ನೆ ಮಾತ್ರ. ನಮಗೆ ಅದು ಮನೆಯಿಂದ ಹೊರಟ ಅರ್ಧ ಗಂಟೆಯಲ್ಲೇ ಎದುರಾಗುವ ಪ್ರಶ್ನೆ.

ಮಂಜೇಶ್ವರದ ಕೃಷಿಕರೊಬ್ಬರು ಮಂಗಳೂರು ವಿಮಾನ ನಿಲ್ದಾಣಕ್ಕೆ ಹೊರಟರೆ ತಲಪಾಡಿಯಲ್ಲಿ ಕೇರಳ ಮುಗಿಯುತ್ತದೆ. ಅವರ ಪರವಾನಗಿ ಕೇರಳಕ್ಕೆ ಮಾತ್ರ ಸಲ್ಲುವುದಾದರೆ ತಲಪಾಡಿ ದಾಟಿದ ಕ್ಷಣದಿಂದ ಅವರ ಕೈಯಲ್ಲಿರುವುದು ಕಾನೂನಿನ ದೃಷ್ಟಿಯಲ್ಲಿ ಪರವಾನಗಿಯಿಲ್ಲದ ಬಂದೂಕು. ವಿಮಾನ ತಿರುವನಂತಪುರಕ್ಕೇ ಹೋಗುವುದಿದ್ದರೂ ಸರಿಯೆ. ಅದೇ ವ್ಯಕ್ತಿ ಕಣ್ಣೂರು ನಿಲ್ದಾಣದಿಂದ ಹೊರಟರೆ ಈ ತೊಡಕು ಇಲ್ಲ. ಹೊಸೂರಿನವರು ಅತ್ತಿಬೆಲೆ ದಾಟದೆ ಬೆಂಗಳೂರು ನಿಲ್ದಾಣಕ್ಕೆ ಹೋಗಲಾರರು. ಮಡಕಶಿರಾದವರಿಗೂ ಬೆಂಗಳೂರೇ ಹತ್ತಿರ. ಅಕ್ಕಲಕೋಟೆಯವರಿಗೆ ಸೊಲ್ಲಾಪುರವೂ ಇದೆ, ಕಲಬುರಗಿಯೂ ಇದೆ. ಒಂದು ರಾಜ್ಯದೊಳಗೆ, ಇನ್ನೊಂದು ಹೊರಗೆ. ಜತ್ತಿನವರಿಗೆ ಕೊಲ್ಹಾಪುರ ಮತ್ತು ಬೆಳಗಾವಿಗಳ ನಡುವೆ ಇದೇ ಆಯ್ಕೆ. ಆದವಾನಿಯವರು ಹೈದರಾಬಾದಿಗೆ ಹೋದರೆ ತೆಲಂಗಾಣ ಪ್ರವೇಶಿಸಬೇಕು, ಕರ್ನೂಲಿನಿಂದ ವಿಮಾನ ದೊರೆತರೆ ಆಂಧ್ರದೊಳಗೇ ಉಳಿಯುತ್ತಾರೆ. ಟಿಕೆಟಿನ ದರ ಹೋಲಿಸುವ ಮೊದಲು ಪರವಾನಗಿಯ ವ್ಯಾಪ್ತಿಯನ್ನು ಹೋಲಿಸಬೇಕೆನ್ನುವುದು ಇದಕ್ಕಾಗಿ.

ವ್ಯಾಪ್ತಿಯನ್ನು ವಿಸ್ತರಿಸಿಕೊಳ್ಳಲು ಪರವಾನಗಿ ನೀಡಿದ ಅಧಿಕಾರಿಗೆ, ಅಂದರೆ ಸಾಮಾನ್ಯವಾಗಿ ಜಿಲ್ಲಾಧಿಕಾರಿಗೆ, ಕಾರಣ ಸಹಿತ ಅರ್ಜಿ ಸಲ್ಲಿಸಬೇಕು. ಇದು ವಾರದಲ್ಲಿ ಮುಗಿಯುವ ಕೆಲಸವೆಂದು ಭಾವಿಸಬಾರದು. ಅರ್ಜಿಯ ಭಾಷೆಯ ವಿಚಾರದಲ್ಲಿ ಕೇರಳದ ಕನ್ನಡಿಗರಿಗೊಂದು ಹಕ್ಕಿದೆ: 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯು ಭಾಷಾ ಅಲ್ಪಸಂಖ್ಯಾತ ಪ್ರದೇಶಗಳ ರಾಜ್ಯ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸಲು ಅವಕಾಶ ಕೊಟ್ಟಿದೆ. ಅರ್ಜಿಯನ್ನು ಧಾರಾಳವಾಗಿ ಕನ್ನಡದಲ್ಲಿ ಬರೆಯಿರಿ. ಆದರೆ ವ್ಯಾಪ್ತಿ ವಿಸ್ತರಣೆಯ ಆದೇಶ ಮಾತ್ರ ಇಂಗ್ಲಿಷಿನಲ್ಲೂ ಇರುವಂತೆ ಕೇಳಿಕೊಳ್ಳುವುದು ವಿವೇಕ. ದೆಹಲಿಯ ಕೌಂಟರಿನಲ್ಲಿ ಕುಳಿತವರಿಗೆ ಮಲಯಾಳ, ಮರಾಠಿ, ತಮಿಳು, ತೆಲುಗು, ಕನ್ನಡ ಯಾವುದೂ ಓದಲು ಬಾರದೆ ಇರಬಹುದು. ಅವರು ಓದಲಾರದ ಪರವಾನಗಿ ನಮ್ಮ ವಿಮಾನವನ್ನು ತಪ್ಪಿಸಬಹುದು.

ರಾಜ್ಯದ ಗಡಿಯಂತೆಯೇ ಕಾಡಿನ ಗಡಿಯೂ ಒಂದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೆಯ ಕಲಮಿನ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅಧಿಕೃತ ಅಧಿಕಾರಿಯ ಲಿಖಿತ ಪೂರ್ವಾನುಮತಿ ಇಲ್ಲದೆ ಯಾರೂ ಆಯುಧದೊಂದಿಗೆ ಅಭಯಾರಣ್ಯ ಪ್ರವೇಶಿಸುವಂತಿಲ್ಲ. ಸುಲ್ತಾನ್ ಬತ್ತೇರಿಯಿಂದ ಮುತ್ತಂಗ, ಬಂಡೀಪುರ ಮಾರ್ಗವಾಗಿ ಮೈಸೂರಿಗೆ ಬರುವವರು, ಗೂಡಲೂರಿನಿಂದ ಮುದುಮಲೆ ದಾಟುವವರು, ತಾಳವಾಡಿಯಿಂದ ದಿಂಬಂ ಘಟ್ಟದ ಮೂಲಕ ಸತ್ಯಮಂಗಲಕ್ಕೆ ಇಳಿದು ಕೊಯಮತ್ತೂರು ನಿಲ್ದಾಣಕ್ಕೆ ಹೋಗುವವರು ಎಲ್ಲರೂ ಹುಲಿ ಸಂರಕ್ಷಿತ ಪ್ರದೇಶ ಅಥವಾ ಅಭಯಾರಣ್ಯದೊಳಗಿನ ರಸ್ತೆಯಲ್ಲೇ ಸಾಗುತ್ತಾರೆ. ‘ನಾನು ಹೆದ್ದಾರಿಯಲ್ಲಿದ್ದೇನೆ, ಕಾಡಿನಲ್ಲಿಲ್ಲ’ ಎಂಬ ವಾದವನ್ನು ಅರಣ್ಯ ತಪಾಸಣಾ ಠಾಣೆಯಲ್ಲಿ ಮಂಡಿಸುವುದಕ್ಕಿಂತ ಅನುಮತಿ ಪತ್ರ ಕೈಯಲ್ಲಿರುವುದು ಅಥವಾ ಬೇರೆ ದಾರಿ ಹಿಡಿಯುವುದು ಸುಲಭ. ಬಂಡೀಪುರದ ರಸ್ತೆಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಸಾಮಾನ್ಯ ವಾಹನ ಸಂಚಾರವಿಲ್ಲ ಎಂಬುದನ್ನೂ ಮುಂಜಾನೆಯ ವಿಮಾನ ಹಿಡಿಯುವವರು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಚುನಾವಣೆ ಘೋಷಣೆಯಾದಾಗ ಪರವಾನಗಿ ಬಂದೂಕುಗಳನ್ನು ಠಾಣೆಯಲ್ಲಿ ಠೇವಣಿ ಇಡಲು ಆದೇಶ ಬರುವುದುಂಟು. ಗಡಿಯ ಆಚೆ ಈಚೆ ಚುನಾವಣೆಗಳು ಬೇರೆ ಬೇರೆ ಕಾಲದಲ್ಲಿ ನಡೆಯುವುದರಿಂದ ತಮ್ಮ ರಾಜ್ಯದ ಜೊತೆಗೆ ದಾಟಬೇಕಾದ ರಾಜ್ಯದ ಸ್ಥಿತಿಯನ್ನೂ ವಿಚಾರಿಸಿಕೊಳ್ಳಬೇಕು.

ಕೊಡಗಿನ ವಿಚಾರವನ್ನು ಇಲ್ಲಿ ಹೇಳದಿದ್ದರೆ ಗೊಂದಲ ಉಳಿದೀತು, ಏಕೆಂದರೆ ವಯನಾಡು, ಕಾಸರಗೋಡುಗಳಲ್ಲಿ ಕೊಡಗಿನೊಡನೆ ನಂಟಸ್ತಿಕೆ ಇರುವ ಮನೆಗಳು ಹಲವು. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದ ನೀಡಿರುವ ವಿನಾಯಿತಿಯನ್ನು ಕೇಂದ್ರ ಸರಕಾರವು 2029ರವರೆಗೆ ಮುಂದುವರಿಸಿದೆ. ಕರ್ನಾಟಕ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿದಿದೆ. ಅದು ಷರತ್ತುಗಳಿಗೆ ಒಳಪಟ್ಟ ವಿನಾಯಿತಿ, ಮತ್ತು ಪರವಾನಗಿಯಿಂದ ಮಾತ್ರ ವಿನಾಯಿತಿ. ವಿಮಾನದ ಭದ್ರತಾ ನಿಯಮಗಳಿಂದ ಅದು ಯಾರನ್ನೂ ಬಿಡಿಸುವುದಿಲ್ಲ.

ಪೆಟ್ಟಿಗೆ, ಕೌಂಟರು, ಇಳಿದಾಣ

ವಿಮಾನ ನಿಲ್ದಾಣಗಳ ಭದ್ರತಾ ನಿಯಮಗಳನ್ನು ರೂಪಿಸುವುದು ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ, ಅಂದರೆ ಬಿಸಿಎಎಸ್. ಬಹುತೇಕ ದೊಡ್ಡ ನಿಲ್ದಾಣಗಳಲ್ಲಿ ಅವುಗಳನ್ನು ಜಾರಿಗೊಳಿಸುವುದು ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆ. ಇವೆರಡರ ಮೇಲೆ ಪ್ರತಿಯೊಂದು ವಿಮಾನ ಸಂಸ್ಥೆಗೂ ತನ್ನದೇ ಷರತ್ತು ಹಾಕುವ ಅಧಿಕಾರವಿದೆ. ಎಷ್ಟು ಬಂದೂಕು, ಎಷ್ಟು ಗುಂಡು, ಎಷ್ಟು ಶುಲ್ಕ, ಎಷ್ಟು ದಿನ ಮೊದಲು ತಿಳಿಸಬೇಕು ಎಂಬುದು ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾಗುತ್ತದೆ. ಆದುದರಿಂದ ಟಿಕೆಟು ಕಾಯ್ದಿರಿಸುವ ಮುನ್ನವೇ ಸಂಸ್ಥೆಗೆ ಬರೆದು, ಬರಹದಲ್ಲೇ ಉತ್ತರ ಪಡೆಯಬೇಕು. ದೂರವಾಣಿಯಲ್ಲಿ ಕೇಳಿದ ‘ಆಗುತ್ತದೆ’ ಎಂಬ ಮಾತಿಗೆ ಕೌಂಟರಿನಲ್ಲಿ ಬೆಲೆಯಿಲ್ಲ. ಪ್ರಾದೇಶಿಕ ನಿಲ್ದಾಣಗಳಿಂದ ಹಾರುವ ಸಣ್ಣ ವಿಮಾನಗಳಲ್ಲಿ ಸಾಮಾನಿನ ಕೋಣೆಯೂ ಸಣ್ಣದು; ಉದ್ದನೆಯ ಪೆಟ್ಟಿಗೆ ಹಿಡಿಸುವುದೇ ಎಂದೂ ಕೇಳಬೇಕು.

ಬಂದೂಕನ್ನು ಮನೆಯಲ್ಲೇ ಪೂರ್ಣವಾಗಿ ಖಾಲಿ ಮಾಡಬೇಕು. ನಳಿಗೆಯನ್ನೂ ಗುಂಡಿನ ಕೋಣೆಯನ್ನೂ ಬೆಳಕಿಗೆ ಹಿಡಿದು ನೋಡಿ, ಮ್ಯಾಗಜೀನ್ ಬೇರ್ಪಡಿಸಿ, ಸಾಧ್ಯವಿದ್ದರೆ ಬೋಲ್ಟನ್ನೂ ತೆಗೆದು ಇಡಬೇಕು. ಪೆಟ್ಟಿಗೆ ಗಡುಸಾದದ್ದಾಗಿರಲಿ, ಬೀಗ ಇರಲಿ. ಬಟ್ಟೆಯ ಚೀಲದಲ್ಲಿ ಸುತ್ತಿ ತಂದ ಕೋವಿಯನ್ನು ಒಪ್ಪಿಕೊಳ್ಳಲಾರರು. ತೋಟಾಗಳು ಬಂದೂಕಿನಿಂದ ಪ್ರತ್ಯೇಕವಾಗಿ, ಒಂದಕ್ಕೊಂದು ತಾಗಿ ಅಲುಗದಂತೆ, ಭದ್ರ ಡಬ್ಬಿಯಲ್ಲಿರಬೇಕು. ಅಂತಾರಾಷ್ಟ್ರೀಯ ಅಪಾಯಕಾರಿ ಸಾಮಗ್ರಿ ನಿಯಮಗಳ ಪ್ರಕಾರ 1.4ಎಸ್ ವರ್ಗದ ಸಾಮಾನ್ಯ ತೋಟಾಗಳಿಗೆ ಮಾತ್ರ ಅವಕಾಶ. ಅದೂ ವಿಮಾನ ಸಂಸ್ಥೆಯ ಒಪ್ಪಿಗೆಯೊಂದಿಗೆ, ಸ್ವಂತ ಬಳಕೆಗೆ, ಡಬ್ಬಿಯ ತೂಕವೂ ಸೇರಿ ಒಬ್ಬರಿಗೆ 5 ಕಿಲೋ. ಇಬ್ಬರು ಪ್ರಯಾಣಿಕರ ಪಾಲನ್ನು ಒಂದೇ ಡಬ್ಬಿಯಲ್ಲಿ ತುಂಬುವಂತಿಲ್ಲ. 5 ಕಿಲೋ ಎಂಬುದು ಹೊರಗಿನ ಮಿತಿ. ಸಂಸ್ಥೆಯ ಮಿತಿ ಅದಕ್ಕಿಂತ ಕಡಿಮೆಯಿರಬಹುದು, ಪರವಾನಗಿಯಲ್ಲಿ ನಮೂದಾದ ಸಂಖ್ಯೆ ಇನ್ನೂ ಕಡಿಮೆಯಿರಬಹುದು. ಎಲ್ಲಕ್ಕಿಂತ ಚಿಕ್ಕ ಸಂಖ್ಯೆಯೇ ನಿಮ್ಮ ಮಿತಿ.

ಕೇಪಿನ ಕೋವಿ ಇರುವ ಮನೆಯವರು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಕೋವಿಯೇನೋ ಖಾಲಿ ಲೋಹ ಮತ್ತು ಮರ. ಆದರೆ ಅದಕ್ಕೆ ಬೇಕಾದ ಬಿಡಿ ಮದ್ದು ಮತ್ತು ಕೇಪುಗಳನ್ನು ಪ್ರಯಾಣಿಕರ ಯಾವ ಸಾಮಾನಿನಲ್ಲೂ ಒಯ್ಯಲಾಗದು, ಪರವಾನಗಿ ಇದ್ದರೂ ಆಗದು. ಜಾತ್ರೆಗೆಂದು ಕೊಂಡ ಗರ್ನಾಲು, ಪಟಾಕಿಗಳಿಗೂ ಇದೇ ನಿಷೇಧ.

ನಿಲ್ದಾಣಕ್ಕೆ ಕನಿಷ್ಠ 3 ಗಂಟೆ ಮೊದಲು ತಲುಪುವುದು ಒಳ್ಳೆಯದು. ಪ್ರವೇಶದ್ವಾರದಲ್ಲೇ ಭದ್ರತಾ ಸಿಬ್ಬಂದಿಗೆ ಶಾಂತವಾಗಿ, ಪರವಾನಗಿ ತೋರಿಸುತ್ತ ವಿಷಯ ತಿಳಿಸಬೇಕು. ಸಾಮಾನು ತಾನಾಗಿ ಒಪ್ಪಿಸುವ ಯಂತ್ರಗಳ ಬಳಿಗೆ ಹೋಗದೆ ನೇರ ಕೌಂಟರಿಗೆ ಹೋಗಬೇಕು. ಮೂಲ ಪರವಾನಗಿ, ಗುರುತಿನ ಚೀಟಿ ಮತ್ತು ಟಿಕೆಟು ಇವುಗಳಲ್ಲಿನ ಹೆಸರು ಒಂದೇ ಆಗಿರಬೇಕು. ಮನೆತನದ ಹೆಸರು ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ, ಮೂರನೆಯದರಲ್ಲಿ ಇನಿಶಿಯಲ್ ಮಾತ್ರ ಎಂಬ ಸ್ಥಿತಿ ಗಡಿನಾಡಿನ ದಾಖಲೆಗಳಲ್ಲಿ ಸರ್ವೇಸಾಮಾನ್ಯ. ಕಚೇರಿಯ ಭಾಷೆ ಬದಲಾದಾಗಲೆಲ್ಲ ನಮ್ಮ ಹೆಸರಿನ ಕಾಗುಣಿತವೂ ಬದಲಾಗಿದೆ. ಬಂದೂಕಿನ ವಿಷಯದಲ್ಲಿ ಈ ವ್ಯತ್ಯಾಸವನ್ನು ಯಾರೂ ಲಘುವಾಗಿ ತೆಗೆದುಕೊಳ್ಳುವುದಿಲ್ಲ.

ಬಳಿಕ ಘೋಷಣಾ ಪತ್ರ ತುಂಬಬೇಕು: ಬಂದೂಕಿನ ಬಗೆ, ಕ್ರಮಸಂಖ್ಯೆ, ತೋಟಾಗಳ ಸಂಖ್ಯೆ, ಗುಂಡು ತುಂಬಿಲ್ಲವೆಂಬ ದೃಢೀಕರಣ, ಸಹಿ. ಪೆಟ್ಟಿಗೆಯನ್ನು ಸಿಬ್ಬಂದಿ ಹೇಳಿದಾಗ, ಹೇಳಿದ ಜಾಗದಲ್ಲಿ ಮಾತ್ರ ತೆರೆಯಬೇಕು. ಖಾಲಿಯಿದೆಯೆಂದು ತೋರಿಸಲು ಕುದುರೆ ಎಳೆಯುವ ಅಭ್ಯಾಸ ಕೆಲವರಿಗಿದೆ. ಅದನ್ನು ಖಂಡಿತ ಮಾಡಬಾರದು. ಇಳಿದ ಊರಿನಲ್ಲಿ ಬಂದೂಕು ಉಳಿದ ಸಾಮಾನಿನೊಂದಿಗೆ ಪಟ್ಟಿಯ ಮೇಲೆ ಉರುಳಿ ಬರುತ್ತದೆಂದು ಕಾಯದೆ, ಸಂಸ್ಥೆಯ ಸಿಬ್ಬಂದಿಯನ್ನು ಕೇಳಿ, ಸಹಿ ಮಾಡಿ ಪಡೆಯಬೇಕು.

ತಂದೆಯ ಬಂದೂಕನ್ನು ಮಗ ಒಯ್ಯಬಹುದೇ ಎಂಬ ಪ್ರಶ್ನೆ ಆಗಾಗ ಬರುತ್ತದೆ. ಪರವಾನಗಿದಾರರ ಸಮ್ಮುಖದಲ್ಲಿ ಅಥವಾ ಅವರ ಲಿಖಿತ ಅಧಿಕಾರದೊಂದಿಗೆ, ದುರಸ್ತಿಗೆ, ಪರವಾನಗಿ ನವೀಕರಣಕ್ಕೆ ಅಥವಾ ಪರವಾನಗಿದಾರರೇ ಬಳಸುವುದಕ್ಕಾಗಿ ಇನ್ನೊಬ್ಬರು ಒಯ್ಯಲು ಕಾಯ್ದೆಯ 3ನೆಯ ಕಲಮಿನಲ್ಲಿ ಸೀಮಿತ ಅವಕಾಶವಿದೆ. ಪೇಟೆಯ ಅಂಗಡಿಗೆ ಒಯ್ಯಲು ಅದು ಸಾಕು. ವಿಮಾನಕ್ಕೆ ಅದನ್ನು ನೆಚ್ಚಿ ಹೊರಡುವುದು ಸಲ್ಲದು. ಪರವಾನಗಿದಾರರು ತೀರಿಹೋಗಿದ್ದರಂತೂ ಬಂದೂಕನ್ನು ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ವ್ಯಾಪಾರಿಯಲ್ಲಿ ಠೇವಣಿ ಇಡುವುದು ವಾರಸುದಾರರ ಮೊದಲ ಕರ್ತವ್ಯ.

ಏರ್ ರೈಫಲ್ ಹಿಡಿದ ವಿದ್ಯಾರ್ಥಿಗಳು

10 ಮೀಟರ್ ಸ್ಪರ್ಧೆಯ ಏರ್ ರೈಫಲ್ ಮತ್ತು ಏರ್ ಪಿಸ್ತೂಲುಗಳ ನಳಿಗೆ 4.5 ಮಿಲಿಮೀಟರ್, ಅಂದರೆ 0.177 ಇಂಚು. ಈ ಅಳತೆಯನ್ನು ಮೀರದ, 20 ಜೂಲ್‌ಗಿಂತ ಹೆಚ್ಚು ಶಕ್ತಿಯಿಲ್ಲದ ಗಾಳಿ ಬಂದೂಕಿಗೆ 2016ರ ನಿಯಮಗಳಡಿ ಪರವಾನಗಿ ಬೇಕಿಲ್ಲ. ಇದನ್ನು ಕೇಳಿದ ಪೋಷಕರು ‘ಹಾಗಾದರೆ ಹೇಳುವ ಅಗತ್ಯವೂ ಇಲ್ಲ’ ಎಂದು ತೀರ್ಮಾನಿಸಿಬಿಡುತ್ತಾರೆ. ಎಕ್ಸ್-ರೇ ಯಂತ್ರದ ಪರದೆಯಲ್ಲಿ ಅದು ಬಂದೂಕಾಗಿಯೇ ಕಾಣುತ್ತದೆ, ವಿಮಾನ ಸಂಸ್ಥೆಗೆ ಅದು ಆಯುಧವೇ. ಮೇಲೆ ಹೇಳಿದಂತೆಯೇ ಮುಂಚಿತವಾಗಿ ತಿಳಿಸಿ, ಘೋಷಿಸಿ, ಚೆಕ್-ಇನ್ ಸಾಮಾನಿನಲ್ಲಿ ಒಪ್ಪಿಸಬೇಕು. ಪರವಾನಗಿ ಇಲ್ಲದಿರುವುದರಿಂದಲೇ ಬೇರೆ ಕಾಗದಗಳು ಹೆಚ್ಚು ಬೇಕಾಗುತ್ತವೆ: ಖರೀದಿಯ ರಸೀದಿ, ನಳಿಗೆಯ ಅಳತೆ ಮತ್ತು ಶಕ್ತಿ ನಮೂದಿಸಿದ ತಯಾರಕರ ಪತ್ರ, ರಾಷ್ಟ್ರೀಯ ರೈಫಲ್ ಸಂಸ್ಥೆ ಅಥವಾ ರಾಜ್ಯ ಸಂಸ್ಥೆ ಕೊಟ್ಟ ಕ್ರೀಡಾಪಟು ಗುರುತಿನ ಚೀಟಿ, ಸ್ಪರ್ಧೆಯ ಆಹ್ವಾನ, ಶಾಲೆಯ ಮುಖ್ಯೋಪಾಧ್ಯಾಯರ ಪತ್ರ. ಕನ್ನಡ ಮಾಧ್ಯಮ ಶಾಲೆಯ ಪತ್ರವಾದರೆ ಕನ್ನಡದ ಜೊತೆ ಇಂಗ್ಲಿಷ್ ಪ್ರತಿಯೂ ಒಂದಿರಲಿ.

ಒತ್ತಿದ ಗಾಳಿಯ ಸಿಲಿಂಡರು ಈ ಬಂದೂಕುಗಳ ಸೂಕ್ಷ್ಮ ಭಾಗ. ಅದರಲ್ಲಿ ಸುಮಾರು 200 ಬಾರ್ ಒತ್ತಡವಿರುತ್ತದೆ. ಪ್ರಯಾಣಕ್ಕೆ ಮುನ್ನ ಅದನ್ನು ಸಂಪೂರ್ಣ ಖಾಲಿ ಮಾಡಿ, ಬಂದೂಕಿನಿಂದ ಬೇರ್ಪಡಿಸಬೇಕು. ಸ್ಪರ್ಧೆಯ ಊರಿನಲ್ಲಿ ತುಂಬಿಸಿಕೊಳ್ಳುವ ವ್ಯವಸ್ಥೆಯ ಬಗ್ಗೆ ಸಂಘಟಕರನ್ನು ಮೊದಲೇ ಕೇಳಬೇಕು. ಅಂತಾರಾಷ್ಟ್ರೀಯ ಶೂಟಿಂಗ್ ನಿಯಮಗಳಂತೆ ಸಿಲಿಂಡರಿನ ಬಾಳಿಕೆ 10 ವರ್ಷ. ಹಳೆಯ ರೈಫಲ್ ಕೊಂಡವರು ಸಿಲಿಂಡರಿನ ಮೇಲೆ ಕೊರೆದ ದಿನಾಂಕ ನೋಡಿಕೊಳ್ಳಲಿ. ಸೀಸದ ಪೆಲೆಟ್‌ಗಳನ್ನೂ ಕೈಚೀಲದಲ್ಲಿ ಇಡಬಾರದು.

0.22 ರೈಫಲ್ ಮುಂತಾದವು ಬೇರೆ ಮಾತು. 21 ವರ್ಷ ತುಂಬದವರಿಗೆ ಸಾಮಾನ್ಯ ಪರವಾನಗಿ ದೊರೆಯುವುದಿಲ್ಲ. ತರಬೇತಿಯ ಸಂದರ್ಭದಲ್ಲಿ ಬಳಸಲು ಮಾತ್ರ ಕಾನೂನು ಷರತ್ತುಬದ್ಧ ಅವಕಾಶ ಕೊಟ್ಟಿದೆ. ಅಂಥ ಬಂದೂಕಿನ ಸಾಗಾಟ ಪರವಾನಗಿ ಹೊಂದಿದ ಹಿರಿಯರ ಅಥವಾ ಕ್ಲಬ್ಬಿನ ಹೊಣೆ. ಮಗುವಿನ ಕೈಗೆ ಪೆಟ್ಟಿಗೆ ಕೊಟ್ಟು ಕಳುಹಿಸುವಂತಿಲ್ಲ.

ಚೀಲದ ಮೂಲೆಯ ತೋಟಾ

ಇಷ್ಟರವರೆಗೆ ಹೇಳಿದ್ದು ಬಂದೂಕನ್ನು ಒಯ್ಯಬೇಕೆಂದು ಹೊರಟವರಿಗೆ. ನಮ್ಮ ಓದುಗರ ಪೈಕಿ ಅವರ ಸಂಖ್ಯೆ ಅಲ್ಪ. ಹೆಚ್ಚು ಮನೆಗಳಿಗೆ ಸಂಬಂಧಿಸಿದ್ದು ಇನ್ನು ಮುಂದಿನದು.

ಅಜ್ಜನ ತೋಟದ ಚೀಲವನ್ನೇ ಮೊಮ್ಮಗಳು ಕಾಲೇಜಿಗೆ ಒಯ್ಯುತ್ತಾಳೆ. ಸೈನ್ಯದಿಂದ ಬಂದ ಮಾವನ ಗಟ್ಟಿ ಬ್ಯಾಗು ಅಳಿಯನ ಪಾಲಾಗುತ್ತದೆ. ಎನ್‌ಸಿಸಿ ಶಿಬಿರದಲ್ಲಿ ಮೊದಲ ಬಾರಿ ಗುಂಡು ಹಾರಿಸಿದ ಹುಡುಗ ನೆನಪಿಗೆಂದು ಒಂದು ಖಾಲಿ ಕೋಶವನ್ನು ಜೇಬಿಗಿಳಿಸುತ್ತಾನೆ. ಬಸ್ಸಿನಲ್ಲಿ, ರೈಲಿನಲ್ಲಿ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದ ಆ ಲೋಹದ ತುಂಡು ವಿಮಾನ ನಿಲ್ದಾಣದ ಪರದೆಯಲ್ಲಿ ಮೊದಲ ಸಲಕ್ಕೇ ಕಾಣುತ್ತದೆ. ಮುಂದಿನದು ಗೊತ್ತಿರುವ ದಾರಿ: ಪ್ರಯಾಣ ನಿಲ್ಲುತ್ತದೆ, ಚೀಲ ವಶವಾಗುತ್ತದೆ, ಸ್ಥಳೀಯ ಪೊಲೀಸ್ ಠಾಣೆಗೆ ಒಪ್ಪಿಸಲಾಗುತ್ತದೆ, ಶಸ್ತ್ರಾಸ್ತ್ರ ಕಾಯ್ದೆಯ 25ನೆಯ ಕಲಮಿನಡಿ ಪ್ರಕರಣ ದಾಖಲಾಗಬಹುದು. ಆ ಕಲಮಿನಲ್ಲಿ ಸೆರೆವಾಸದ ಶಿಕ್ಷೆಯಿದೆ. ಸಂದರ್ಶನಕ್ಕೋ ಪ್ರವೇಶಕ್ಕೋ ಹೊರಟ ವಿದ್ಯಾರ್ಥಿಗೆ ತಪ್ಪುವುದು ಒಂದು ವಿಮಾನ ಮಾತ್ರವಲ್ಲ. ಸರಕಾರಿ ಕೆಲಸದ ಅರ್ಜಿ, ಪಾಸ್‌ಪೋರ್ಟಿನ ಪೊಲೀಸ್ ಪರಿಶೀಲನೆ ಎಲ್ಲದರಲ್ಲೂ ಆ ಪ್ರಕರಣ ಹಿಂಬಾಲಿಸುತ್ತದೆ.

ನ್ಯಾಯಾಲಯಗಳು ಇಂಥ ಪ್ರಕರಣಗಳನ್ನು ಕುರುಡಾಗಿ ನೋಡಿಲ್ಲ. ಗುಣವಂತಲಾಲ್ ವಿರುದ್ಧ ಮಧ್ಯಪ್ರದೇಶ ರಾಜ್ಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1972ರಲ್ಲಿಯೇ, ಸ್ವಾಧೀನವೆಂದರೆ ಅರಿವಿನಿಂದ ಕೂಡಿದ ಸ್ವಾಧೀನವಾಗಿರಬೇಕೆಂದು ವಿವರಿಸಿದೆ. ತನ್ನ ಚೀಲದಲ್ಲಿ ಗುಂಡು ಇದೆಯೆಂಬುದೇ ತಿಳಿಯದವನು ಆ ಅರ್ಥದಲ್ಲಿ ಅದರ ಸ್ವಾಧೀನದಾರನಲ್ಲ. ಬಂದೂಕಿಲ್ಲದೆ ಒಂದೇ ತೋಟಾ ಸಿಕ್ಕ ಹಲವು ವಿಮಾನ ನಿಲ್ದಾಣ ಪ್ರಕರಣಗಳನ್ನು ದೆಹಲಿ ಹೈಕೋರ್ಟ್ ಈ ತತ್ವದ ಮೇಲೆ, ಹಾಗೂ ಜೊತೆಯ ಭಾಗಗಳೊಂದಿಗೆ ಬಳಸುವ ಉದ್ದೇಶವಿಲ್ಲದ ಬಿಡಿಭಾಗಗಳಿಗೆ ವಿನಾಯಿತಿ ಕೊಡುವ 45ನೆಯ ಕಲಮಿನ ಆಧಾರದ ಮೇಲೆ ರದ್ದುಪಡಿಸಿದೆ. ಇದು ಸಮಾಧಾನದ ಸಂಗತಿಯಾದರೂ ಅಗ್ಗದ ಸಮಾಧಾನವಲ್ಲ. ಪ್ರಕರಣ ರದ್ದಾಗಬೇಕಾದರೆ ಅದು ದಾಖಲಾದ ರಾಜ್ಯದ ಹೈಕೋರ್ಟಿಗೇ ಅರ್ಜಿ ಹಾಕಬೇಕು. ಜತ್ತಿನ ಅಥವಾ ರಾಯದುರ್ಗದ ಒಂದು ಸಾಮಾನ್ಯ ಕುಟುಂಬಕ್ಕೆ ದೂರದ ಊರಿನ ವಕೀಲರು, ಓಡಾಟ, ತಿಂಗಳುಗಟ್ಟಲೆ ಕಾಯುವಿಕೆ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಪ್ರಯಾಣದ ಹಿಂದಿನ ದಿನ ಚೀಲವನ್ನು ತಲೆಕೆಳಗು ಮಾಡಿ ಕೊಡವಿ, ಒಳಪದರದ ಹರಿದ ಹೊಲಿಗೆಯೊಳಗೂ ಬೆರಳಾಡಿಸಿ ನೋಡಲು ಐದು ನಿಮಿಷ ಸಾಕು.

ಒಂದು ವೇಳೆ ನಿಲ್ದಾಣದಲ್ಲಿ ತಪಾಸಣೆಗೆ ಮೊದಲೇ ನಿಮ್ಮ ಕೈಗೇ ತೋಟಾ ಸಿಕ್ಕಿದರೆ ಅದನ್ನು ಕಸದ ಬುಟ್ಟಿಗೋ ಶೌಚಾಲಯಕ್ಕೋ ಎಸೆಯಬಾರದು. ಎಲ್ಲೆಡೆ ಕ್ಯಾಮರಾಗಳಿವೆ, ಎಸೆದದ್ದು ಅರಿವಿಗೆ ಸಾಕ್ಷಿಯಾಗಿ ನಿಲ್ಲುತ್ತದೆ. ಭದ್ರತಾ ಸಿಬ್ಬಂದಿಯ ಬಳಿಗೆ ತಾವಾಗಿ ಹೋಗಿ ತಿಳಿಸಬೇಕು. ತಪಾಸಣೆಯಲ್ಲೇ ಸಿಕ್ಕಿದರೆ, ಚೀಲ ಯಾರದು, ತೋಟಾ ಯಾರ ಪರವಾನಗಿಯದು ಎಂಬ ಸತ್ಯವನ್ನು ಚುಟುಕಾಗಿ ಹೇಳಿ, ಮನೆಗೆ ಕರೆ ಮಾಡಿ ಪರವಾನಗಿಯ ಎಲ್ಲ ಪುಟಗಳ ಚಿತ್ರವನ್ನು ತರಿಸಿಕೊಳ್ಳಬೇಕು. ಆ ಚಿತ್ರಗಳು ಮನೆಯ ಎಲ್ಲರ ಫೋನಿನಲ್ಲೂ ಮೊದಲೇ ಇದ್ದರೆ ಇನ್ನೂ ಒಳ್ಳೆಯದು. ಓದಲು ಬಾರದ ಭಾಷೆಯ ಹೇಳಿಕೆಗೆ ಓದಿಸಿ, ಅರ್ಥ ಕೇಳಿಕೊಳ್ಳದೆ ಸಹಿ ಹಾಕಬಾರದು. ಬಂಧನವಾದರೆ ಕಾರಣವನ್ನು ತಿಳಿಯುವ, ಮನೆಯವರಿಗೆ ತಿಳಿಸುವ, ವಕೀಲರನ್ನು ಕಾಣುವ, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರಾಗುವ ಹಕ್ಕುಗಳಿವೆ. ಬಂಧನದ ಕಾರಣವು ವ್ಯಕ್ತಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಯಬೇಕೆಂದು ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಕನ್ನಡದಲ್ಲಿ ತಿಳಿಸಿರೆಂದು ಕೇಳುವುದು ಉದ್ಧಟತನವಲ್ಲ. 18 ವರ್ಷ ತುಂಬದವರನ್ನು ಠಾಣೆಯ ಲಾಕಪ್ಪಿನಲ್ಲಿ ಇಡುವಂತಿಲ್ಲ.

ಕೊಲ್ಲಿ ರಾಷ್ಟ್ರಗಳಿಗೆ ಹೊರಟವರು ಈ ಎಚ್ಚರವನ್ನು ಇಮ್ಮಡಿಗೊಳಿಸಬೇಕು. ಇಲ್ಲಿ ಕಣ್ತಪ್ಪಿ ದಾಟಿದ ತೋಟಾ ಅಲ್ಲಿಯ ನಿಲ್ದಾಣದಲ್ಲಿ ಸಿಕ್ಕರೆ ಅನ್ವಯಿಸುವುದು ಆ ದೇಶದ ಕಾನೂನು. ಮೇಲೆ ಹೇಳಿದ ತೀರ್ಪುಗಳು ಅಲ್ಲಿ ಕೆಲಸಕ್ಕೆ ಬಾರವು.

ಆಟಿಕೆ ಬಂದೂಕು, ಬಂದೂಕಿನ ಆಕಾರದ ಲೈಟರ್, ಗುಂಡಿನ ಆಕಾರದ ಕೀಲಿಗೊಂಚಲು ಕೂಡ ಕೈಚೀಲದಲ್ಲಿ ಇರಬಾರದು. ಮುಂಬಯಿಗೋ ದುಬೈಗೋ ಆಟಕ್ಕೆ ಹೊರಡುವ ಯಕ್ಷಗಾನ ತಂಡಗಳು ಮರದ ಕತ್ತಿ, ಬಿಲ್ಲು, ಬಾಣಗಳನ್ನು ವೇಷದ ಪೆಟ್ಟಿಗೆಯಲ್ಲೇ ಇಟ್ಟು ಚೆಕ್-ಇನ್ ಮಾಡಬೇಕು. ದೈವದ ಕಡ್ಸಲೆಗೂ ಇದೇ ಕ್ರಮ.

ಮರುಪ್ರಯಾಣಕ್ಕೆ ಮತ್ತೆ ಮೊದಲಿನಿಂದ ಎಲ್ಲವನ್ನೂ ಮಾಡಬೇಕು: ಹೊಸ ಘೋಷಣೆ, ಹೊಸ ತಪಾಸಣೆ, ಬಳಸಿ ಉಳಿದ ತೋಟಾಗಳ ಹೊಸ ಎಣಿಕೆ. ಹೋಗುವಾಗಿನ ಘೋಷಣಾ ಪತ್ರದ ಪ್ರತಿಯನ್ನು ಎಸೆಯದೆ ಪರವಾನಗಿಯ ಜೊತೆಗಿಟ್ಟುಕೊಂಡರೆ ಕೌಂಟರಿನ ಪ್ರಶ್ನೆಗಳು ಬೇಗ ಮುಗಿಯುತ್ತವೆ. ಸ್ಪರ್ಧೆ ಮುಗಿಸಿ ಬರುವ ಮಕ್ಕಳ ಜಾಕೆಟ್ಟಿನ ಜೇಬುಗಳನ್ನು ತರಬೇತುದಾರರು ನಿಲ್ದಾಣಕ್ಕೆ ಹೊರಡುವ ಮುನ್ನವೇ ನೋಡಬೇಕು. ಪೆಲೆಟ್‌ಗಳೂ ಖಾಲಿ ಕೋಶಗಳೂ ಉಳಿಯುವುದು ಅಲ್ಲಿಯೇ.